ಐದನೇ ಪೇಜ್, ಕೆಳಗಡೆ

ಬೆಳಗ್ಗೆ ಏಳೂವರೆಗೆ ನಮ್ಮ ಮಾಲೂರಿನ ಮನೆಯ ಲ್ಯಾಂಡ್‌ಲೈನ್ ಟ್ರಿಣ್ ಟ್ರಿಣ್ ಎಂದು ಕಿರುಚಿತೆಂದರೆ ಅದು ಶ್ರೀನಿವಾಸಪುರದ ನನ್ನ ಗೆಳತಿಯದೇ. ಕೋಲಾರದ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ತೊಂಬತ್ತರ ದಶಕದುದ್ದಕ್ಕೂ ಇಬ್ಬರ ಮನೆಗೂ ಒಂದೇ ಪೇಪರ್ ಬರುತ್ತಿತ್ತು. ಹಲೋ ಗಿಲೋ ಏನೂ ಇಲ್ಲ.

"ಏಮೇ, ಐದನೇ ಪೇಜ್ ತೆಗಿ. ಕೆಳಗಡೆ, ಎಡಕ್ಕೆ. ನಮ್ಮ ಮ್ಯಾಥ್ಸ್ ಟೀಚರ್ ಹೋಗ್ಬಿಟ್ರು ಕಣೇ!"

ಅವಳು ಮೊದಲು ಓದುತ್ತಿದ್ದುದೇ ನಿಧನ ವಾರ್ತೆ. "ನನ್ನ ಫೋಟೋ ಬಂದ ದಿನ ನೀನೇ ಮೊದ್ಲು ನೋಡ್ಬೇಕು, ಮೂಗು ಸರಿಯಾಗಿ ಬಂದಿದ್ಯಾ ಅಂತ," ಎಂದು ನಗುವಳು.

ಟೀಚರ್ ಫೋಟೋದ ಪಕ್ಕ ಸೀರೆ ಅಂಗಡಿಯ ಜಾಹೀರಾತಿತ್ತು. ಅದರ ಮೇಲೆ ನನ್ನ ಕೈಯ ಅರಿಶಿನ ಅಂಟಿತ್ತು. ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ನನಗೆ ಕಣ್ಣು ಮಂಜಾಯಿತು. ನಮ್ಮ ಯಜಮಾನರು ಕಂಪ್ಯೂಟರ್ ತಂದರು. ಸ್ಕ್ರೀನಿನಲ್ಲಿ ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದಲ್ಲ! ಪೇಪರ್ ನಿಲ್ಲಿಸಿಬಿಟ್ಟೆ.

"ಮೂರನೇ ಪೇಜ್ ನೋಡೇ," ಎಂದು ಅವಳು ಫೋನ್ ಮಾಡಿದರೆ, "ಇದರಲ್ಲಿ ಪೇಜ್ ಎಲ್ಲಿದೆಯೇ? ಹೆಡ್ಡಿಂಗ್ ಹೇಳು, ಹುಡುಕ್ತೀನಿ," ಎನ್ನುತ್ತಿದ್ದೆ.

"ಹುಡುಕಿ ಓದೋಕೆ ಅದೇನು ಡಿಕ್ಷನರಿನಾ? ಹೋಗ್ಲಿ ಬಿಡು."

ಫೋನ್ ಬರುವುದು ಕಡಿಮೆಯಾಯಿತು. ಒಂದು ದಿನ ನಿಂತೇ ಹೋಯಿತು. ಮುನಿಸಿರಬೇಕು, ಅವಳೇ ಮಾಡಲಿ ಎಂದು ನಾನೂ ಬಿಗಿದುಕೊಂಡು ಕೂತೆ. ಎರಡು ತಿಂಗಳ ಮೇಲೆ ತಡೆಯಲಾರದೆ ನಾನೇ ಮಾಡಿದಾಗ ಅವಳ ಸೊಸೆ ಎತ್ತಿಕೊಂಡಳು.

"ಅತ್ತೆ ಹೋಗಿ ತಿಂಗಳಾಯ್ತಲ್ಲ ಆಂಟಿ! ಪೇಪರ್‌ನಲ್ಲಿ ಫೋಟೋ ಹಾಕ್ಸಿದ್ವಿ. ನೀವು ನೋಡೇ ನೋಡ್ತೀರ ಅಂತ ಅತ್ತೇನೇ ಹೇಳಿದ್ರು. ಯಾಕೆ ಬರ್ಲಿಲ್ಲ ಅಂತ ನಾವೇ ಅಂದ್ಕೊಂಡ್ವಿ."

ನಾನು ಓದುತ್ತಿದ್ದ ನೆಟ್ ಪೇಪರಿನಲ್ಲಿ ನಮ್ಮ ಕಡೆಯ ನಿಧನ ವಾರ್ತೆ ಹಾಕುತ್ತಲೇ ಇರಲಿಲ್ಲ. ಅದು ಆವತ್ತಿನವರೆಗೂ ನನ್ನ ಗಮನಕ್ಕೇ ಬಂದಿರಲಿಲ್ಲ. ಅವಳ ಫೋಟೋ ಬಂದ ಬೆಳಗ್ಗೆಯೂ ಕಾಫಿ ಹಿಡಿದು ಸ್ಕ್ರೀನ್ ಮುಂದೆ ಕೂತಿದ್ದೆ, ಖಂಡಿತ. ಏನು ಓದಿದೆನೋ, ಒಂದು ಸಾಲೂ ನೆನಪಿಲ್ಲ.

ಕೊನೆಯ ಬಾರಿ ಅವಳನ್ನು ಕಂಡದ್ದು ಮುಳಬಾಗಿಲಿನಲ್ಲಿ, ಒಂದು ಮದುವೆ ಮುಗಿಸಿಕೊಂಡು ಬಂದಾಗ, ಬಸ್ ಸ್ಟ್ಯಾಂಡಿನಲ್ಲಿ. ಶ್ರೀನಿವಾಸಪುರದ ಬಸ್ ಹತ್ತಿ ಕೂತವಳು ಕಿಟಕಿಯಿಂದ ಪೇಪರ್ ಚಾಚಿದಳು.

"ತಗೊಳ್ಳೇ, ದಾರೀಲಿ ಓದ್ಕೋ."

"ಬೇಡ ಕಣೇ, ಮನೆಗೆ ಹೋಗಿ ಕಂಪ್ಯೂಟರ್‌ನಲ್ಲಿ ನೋಡ್ಕೋತೀನಿ."

ಅವಳು ಪೇಪರ್ ಒಳಕ್ಕೆ ಎಳೆದುಕೊಂಡಳು. ಬಸ್ ಹೊರಟಾಗ ಕೈ ಬೀಸಿದೆ. ಆಗಲೇ ಪೇಪರ್ ಬಿಡಿಸಿ ಹಿಡಿದಿದ್ದಳು. ಮುಖ ಕಾಣಲಿಲ್ಲ, ಅಂಚು ಹಿಡಿದ ಬೆರಳುಗಳಷ್ಟೇ ಕಂಡವು.