ಶಾಂತಕ್ಕನ ಎದೆಬಡಿತ

ಪಕ್ಕದ ಮನೆಯಲ್ಲಿ ಬಾಣಂತಿಗೆ ಕೆಂಡದ ಮೇಲೆ ಅಜವಾನ ಉದುರಿಸಿ ಹೊಗೆ ಹಾಕುತ್ತಿದ್ದಾರೆ. ಆ ವಾಸನೆ ಬಂದರೆ ನಿಮಗೆ ಎಳೆಗೂಸಿನ ನೆನಪಾದೀತು. ನನಗೆ ನೆನಪಾಗುವವಳು ನನ್ನ ಅಕ್ಕ, ಶಾಂತಕ್ಕ. ಹುಟ್ಟಿದಾಗಿನಿಂದ ಅವಳಿಗೆ ಕೆಮ್ಮು. ಹೂವಿನ ಹಿಪ್ಪರಗಿಯ ನಮ್ಮ ಇದೇ ಮನೆಯಲ್ಲಿ ಈ ಹೊಗೆ ವರ್ಷವಿಡೀ ಏಳುತ್ತಿತ್ತು. ಕೆಮ್ಮಿಗೆ ಹೊಗೆಯೇ ಮದ್ದೆಂದು ನಂಬಿದ ಜಾಣರು ನಾವು.

ಅವಳು ಹುಡುಗಿಯಾಗಿದ್ದಾಗ ವಿಜಯಪುರದಲ್ಲಿ ಎಕ್ಸ್‌ರೇ ತೆಗೆಸಿದರು. ತೆಗೆದವನು ತಾನೇ ಫಿಲ್ಮು ತಿರುಗಾಮುರುಗಾ ಇಟ್ಟೆನೆಂದುಕೊಂಡು ಇನ್ನೊಮ್ಮೆ ತೆಗೆದ. ಹೃದಯ ಬಲಗಡೆಯೇ ಇತ್ತು. ಅದರಿಂದೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ತೊಂದರೆಯಾದದ್ದು ಊರಿಗೆ. ಬಸುರಿದ್ದಾಗ ಗ್ರಹಣದ ಹೊತ್ತಿನಲ್ಲಿ ಅವ್ವ ಬದನೆಕಾಯಿ ಹೆಚ್ಚಿದ್ದಳು, ಅದಕ್ಕೇ ಕೂಸಿನ ಒಳಗೆಲ್ಲ ಅದಲುಬದಲಾಯಿತು ಎಂದು ಅಜ್ಜಿ ತೀರ್ಪು ಕೊಟ್ಟಳು. ಅಪ್ಪ ಅದನ್ನೇ ಹಿಡಿದ. ನೋಡಲು ಬಂದ ವರ ಕೆಮ್ಮು ಕೇಳಿ ಎದ್ದುಹೋದಾಗಲೆಲ್ಲ ಬೈಗುಳ ಅವ್ವನಿಗೆ. ಅವಳು ಎದುರಾಡಲಿಲ್ಲ, ಬದನೆಕಾಯಿ ತಿನ್ನುವುದನ್ನೇ ಬಿಟ್ಟಳು. ಎಣ್ಣೆಗಾಯಿಯ ನಾಡಿನಲ್ಲಿ ಅದೆಂಥ ವ್ರತ, ನೀವೇ ಯೋಚಿಸಿ. ಹಾಗೆಯೇ ತೀರಿಕೊಂಡಳು.

ಆಲಮಟ್ಟಿಯ ಹಿನ್ನೀರನ್ನೇ ಸಮುದ್ರವೆಂದುಕೊಂಡಿದ್ದ ಹುಡುಗಿ ನಾನು, ಮುಂದೆ ಓದಲು ಹೋಗಿ ಸೇರಿದ್ದು ಕಡಲತೀರದ ಒಂದು ಪ್ರಯೋಗಾಲಯ. ಸೀ ಅರ್ಚಿನ್ ಎಂಬ, ಮುಳ್ಳಿನ ಚೆಂಡಿನಂಥ ಜೀವಿಯ ಭ್ರೂಣ ನೋಡುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ಅದೊಂದು ಟೊಳ್ಳು ಗೋಲಿ. ಮೈತುಂಬ ಸಣ್ಣ ರೋಮ ಮೂಡುತ್ತವೆ. ಅವು ಬಡಿಯತೊಡಗಿದ್ದೇ ಭ್ರೂಣ ಗಿರ್ರನೆ ತಿರುಗಿ, ಪೊರೆಯಿಂದ ಹೊರಬಿದ್ದು ಈಜುತ್ತದೆ. ಆ ರೋಮ ಬೆಳೆಯಲು ಬೇಕಾದ ಒಂದು ಜೀನನ್ನು ತಡೆದಾಗ ಭ್ರೂಣ ಜೀವವಿದ್ದೂ ಈಜದೆ ತಳದಲ್ಲಿ ಕೂತಿತು. ನಮ್ಮ ಮೇಡಂ ಆಗ ಹೇಳಿದರು: ಮನುಷ್ಯರ ಶ್ವಾಸನಾಳದಲ್ಲಿ ಕಫ ಗುಡಿಸುವುದೂ ಇಂಥ ರೋಮಗಳೇ, ಗರ್ಭದಲ್ಲಿ ಎಡಬಲ ಗೊತ್ತುಮಾಡುವುದೂ ಇಂಥವೇ. ಜೀನು ಕೆಟ್ಟರೆ ಹುಟ್ಟಿನಿಂದ ಕೆಮ್ಮು. ಕೆಲವರಿಗೆ ಹೃದಯವೂ ಬಲಕ್ಕೆ. ನನಗೆ ಅಕ್ಕನ ಎಕ್ಸ್‌ರೇ ನೆನಪಾಯಿತು.

ರಜೆಗೆ ಬಂದಾಗ, ಹೊಲಿಗೆ ಮಷಿನ್ ಮುಂದಿದ್ದ ಅಕ್ಕನಿಗೆ ಮೊಬೈಲಿನಲ್ಲಿ ಆ ತಿರುಗುವ ಗೋಲಿ ತೋರಿಸಿ ಎಲ್ಲ ಹೇಳಿದೆ. ಅವಳು ಕಾಲು ನಿಲ್ಲಿಸಿದಳು.

"ಹಂಗಾರ ಇದು ಬದನಿಕಾಯಿಂದಲ್ಲ?"

"ಅಲ್ಲಕ್ಕಾ. ಕೆಟ್ಟ ಜೀನು ಅವ್ವಂದರ್ಧಾ, ಅಪ್ಪಂದರ್ಧಾ. ಇಬ್ಬರಿಗೂ ಗೊತ್ತಿರಲಿಲ್ಲ."

"ಅಪ್ಪಂದೂ ಐತಿ?" ನಗಲು ಹೋಗಿ ಕೆಮ್ಮಿದಳು. ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು, "ಅವ್ವ ಇರಬೇಕಿತ್ತು ನೋಡು. ಒಂದೀಟು ಎಣ್ಣಿಗಾಯಿ ತಿನಸ್ತಿದ್ದೆ."

ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ಅದೇ ಕಾಯಿಲೆ ಎಂದರು. ಮನೆಯಲ್ಲಿ ಹೊಗೆ ನಿಂತಿತು. ಕಫ ತೆಗೆಯುವ ವ್ಯಾಯಾಮ ಕಲಿತು ಅಕ್ಕ ಕೆಲವು ವರ್ಷ ಹಗುರಾಗಿ ಉಸಿರಾಡಿದಳು. ಕುಪ್ಪಸ ಹೊಲಿಸಲು ಬರುವ ಬಸುರಿಯರಿಗೆಲ್ಲ ಗ್ರಹಣಕ್ಕೆ ಅಂಜಬೇಡಿರೆಂದು ಹೇಳುತ್ತಿದ್ದಳಂತೆ. ಆದರೆ ಅವಳ ಶ್ವಾಸಕೋಶ ಆಗಲೇ ಸೋತಿತ್ತು. ಹೋದ ಚಳಿಗಾಲದಲ್ಲಿ ಹೋಗಿಬಿಟ್ಟಳು.

ಈಗ ನಾನು ಸಿಂದಗಿಯ ಕಾಲೇಜಿನಲ್ಲಿ ಪಾಠ ಹೇಳಿ ಸಂಜೆ ಈ ಮನೆಗೇ ಬರುತ್ತೇನೆ. ನಿನ್ನೆ ಒಬ್ಬ ಬಸುರಿ ಹುಡುಗಿ, ಅಕ್ಕ ಹೋದ ಸುದ್ದಿ ತಿಳಿಯದೆ, ಬಟ್ಟೆ ಹಿಡಿದು ಬಂದಳು. ಗ್ರಹಣದ ದಿನ ಗೊತ್ತಿಲ್ಲದೆ ಹೊರಗೆ ಹೋಗಿದ್ದಳಂತೆ, ಮುಖ ಬಾಡಿತ್ತು. ನಾನು ಭ್ರೂಣ, ಜೀನು ಎಂದೆಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿಸಿಕೊಂಡು ಅಂದಳು, "ಶಾಂತಕ್ಕಾರು ಹಿಂಗ ಹೇಳ್ತಿದ್ದಿಲ್ರಿ. ನಮ್ಮ ಕೈ ಹಿಡದು ತಮ್ಮ ಬಲಎದಿ ಮ್ಯಾಲ ಇಟ್ಕೋತಿದ್ರು. ನಾ ಬದುಕಿಲ್ಲೇನು ಅಂತಿದ್ರು."

ನನ್ನ ಹೃದಯ ಎಲ್ಲರಂತೆ ಎಡಗಡೆ. ಆದರೂ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತೆ.