ಬಸ್ ಸ್ಟಾಪಿನವರೆಗೆ ಕಳಿಸಿ ಬರುವುದು

ನನ್ನ ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವ ಮೊದಲು ಒಂದು ಸಲ ಕೆಮ್ಮುತ್ತೇನೆ. ವ್ಯಾಯಾಮ ವಿಜ್ಞಾನದಲ್ಲಿ ಬಿ.ಎಸ್ಸಿ. ಎಂದರೆ, "ಓ, ಪಿ.ಟಿ. ಮೇಷ್ಟ್ರು ಕೋರ್ಸಾ?" ಎನ್ನುತ್ತಾರೆ. ಅಲ್ಲ ಎಂದರೆ, "ಅಂಗಾರೆ ಜಿಮ್ಮು ಅನ್ನಿ" ಎಂದು ತಾವೇ ತೀರ್ಮಾನಿಸಿ ನನ್ನ ಕಷ್ಟ ಕಳೆಯುತ್ತಾರೆ. ನಾಗಮಂಗಲದ ಹೈಸ್ಕೂಲಿನಲ್ಲಿ ಮಕ್ಕಳಿಗೆ ದೂರದ ದೇಶಗಳ ಕ್ರಾಂತಿಗಳನ್ನೆಲ್ಲ ವಿವರಿಸುವ ನನಗೆ, ಮನೆಯಲ್ಲೇ ಬೆಳೆದ ಹುಡುಗಿ ಮೈಸೂರಿಗೆ ಹೋಗಿ ಏನು ಓದುತ್ತಾಳೆ ಎಂಬುದನ್ನು ವಿವರಿಸಲು ಬರುತ್ತಿರಲಿಲ್ಲ.

ನಮ್ಮ ಸೀಮೆಯಲ್ಲಿ ವ್ಯಾಯಾಮವೆಂದರೆ ಕೆಲಸವಿಲ್ಲದವರು ಮಾಡುವ ಕೆಲಸ. ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಕೈ ಬೀಸುತ್ತ ನಡೆಯುವ ಆಫೀಸಿನವರನ್ನು ರಾಗಿ ಹೊಲದವರು ಕರುಣೆಯಿಂದ ನೋಡುತ್ತಾರೆ. ಎಲ್ಲಿಗೂ ಹೋಗದೆ, ಏನನ್ನೂ ತರದೆ, ಹೊರಟಲ್ಲಿಗೇ ವಾಪಸು ಬರುವ ನಡಿಗೆ ಅವರ ಲೆಕ್ಕದಲ್ಲಿ ನಡಿಗೆಯೇ ಅಲ್ಲ. ನನ್ನ ಅಣ್ಣನೂ ಹಾಗೆಯೇ ಅಂದುಕೊಂಡಿದ್ದವನು. ದೇವಲಾಪುರದ ಹತ್ತಿರದ ನಮ್ಮ ಊರಿನಲ್ಲಿ ತೆಂಗು, ರಾಗಿ, ಎರಡು ಹಸು ನೋಡಿಕೊಂಡಿರುವವನು.

ಈ ಬೇಸಿಗೆಯಲ್ಲಿ ಅವನು ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಶಾಲೆಗೆ ರಜೆಯೆಂದು ಊರಿಗೆ ಬಂದಿದ್ದ ನಾನು ಎದುರಿಗೆ ಕೂತಿದ್ದೆ. ನೆಟ್ಟ ಸಲಾಕೆಗೆ ಕಾಯಿ ಚುಚ್ಚಿದ, ಒಂದು ಕಡೆಯ ಸಿಪ್ಪೆ ಬಿಡಿಸಿದ, ನಿಲ್ಲಿಸಿದ. "ಯಾಕೋ ಉಸ್ರು ಕಟ್ತದೆ ಕಣ್ಲಾ" ಎಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಿಡಿದುಕೊಂಡಾಗ ಅಂಗಿ ನೀರಲ್ಲಿ ಅದ್ದಿದಂತೆ ಒದ್ದೆಯಾಗಿತ್ತು. ಪಕ್ಕದ ಮನೆಯ ಕಾರಿನಲ್ಲಿ ಆಸ್ಪತ್ರೆಗೆ ಹೋದದ್ದು, ದಾರಿಯುದ್ದಕ್ಕೂ ಅವನ ತಲೆ ನನ್ನ ತೊಡೆಯ ಮೇಲಿದ್ದದ್ದು ನೆನಪಿದೆ. ಅವನು ಏನೂ ಮಾತಾಡಲಿಲ್ಲ. ಆ ಮೌನ ನನ್ನ ಕಿವಿಯಿಂದ ಇನ್ನೂ ಪೂರ್ತಿ ಇಳಿದಿಲ್ಲ.

ಸ್ಟೆಂಟು ಹಾಕಿ ಉಳಿಸಿಕೊಟ್ಟರು. ಮನೆಗೆ ಕಳಿಸುವಾಗ ಡಾಕ್ಟರು, "ಭಾರ ಎತ್ತಬೇಡಿ, ದಿನಾ ಸ್ವಲ್ಪ ಸ್ವಲ್ಪ ನಡೀರಿ" ಎಂದರು. ನಾವೆಲ್ಲ ಅದರಲ್ಲಿ ಮೊದಲರ್ಧವನ್ನು ಮಾತ್ರ ಊರಿಗೆ ತಂದೆವು.

ಉಳಿದದ್ದನ್ನು, ಅಣ್ಣನನ್ನು ನೋಡಲು ಬಂದವರು ಪೂರ್ತಿ ಮಾಡಿದರು. ಹುಷಾರಿಲ್ಲದವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಮುಖ ತೋರಿಸುವ ಹಾಗಿಲ್ಲ. ಪಾಂಡವಪುರದಿಂದ, ಕೆ.ಆರ್. ಪೇಟೆಯಿಂದ, ಶ್ರೀರಂಗಪಟ್ಟಣದಿಂದ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಬಂದರು. ಅವರ ಕಣ್ಣಿಗೆ ರೋಗಿ ಮಲಗಿಯೇ ಇರಬೇಕು. ಒಂದು ದಿನ ಅಣ್ಣ ಎದ್ದು ಕೂತಿದ್ದಾಗ ಬಂದ ನಮ್ಮ ಸೋದರತ್ತೆ ಬಾಗಿಲಲ್ಲೇ ನಿಂತು, "ಇದೇನ್ಲಾ, ಗುಂಡುಕಲ್ಲಂಗೆ ಕುಂತಿದ್ದೀಯೆ? ಮನಿಕ್ಕೊ ಮೊದ್ಲು, ಮಾತಾಡ್ಸಾನ" ಎಂದರು. ಅಣ್ಣ ಮಲಗಿದ. ಆಮೇಲೆ ಹೊರಗೆ ಬೈಕಿನ ಸದ್ದಾದರೆ ತಾನಾಗಿಯೇ ಮಲಗಿ ಹೊದಿಕೆ ಎಳೆದುಕೊಳ್ಳತೊಡಗಿದ. ಬಂದವರಿಗೆ ನಿರಾಸೆಯಾಗಬಾರದು ಎಂಬ ಮರ್ಯಾದೆ ಮೊದಮೊದಲು. ಬರುಬರುತ್ತ, ಬೈಕಿನ ಸದ್ದಿಲ್ಲದಾಗಲೂ ಏಳುವುದನ್ನು ಬಿಟ್ಟ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದ. ಅವನು ಇನ್ನು ಹಾಸಿಗೆಯಲ್ಲೇ ಉಳಿದುಬಿಡುತ್ತಾನೆ ಎಂದು ನನಗೆ ಅನ್ನಿಸಿತು, ಹೇಳಲು ಧೈರ್ಯವಾಗಲಿಲ್ಲ. ಏಳು ಎಂದು ಹೇಳಲಂತೂ ಇನ್ನೂ ಭಯ. ಆ ಒದ್ದೆ ಅಂಗಿಯನ್ನು ಮುಟ್ಟಿದ ಕೈ ನನ್ನದು.

ಪರೀಕ್ಷೆ ಮುಗಿಸಿ ಮಗಳು ಸಿಂಚನಾ ಬಂದಳು. ದೊಡ್ಡಪ್ಪನ ಮೀನಖಂಡವನ್ನು ಕೈಯಲ್ಲಿ ಹಿಡಿದು ನೋಡಿದಳು. ಮಲಗಿದ ಕಾಲಿನ ಸ್ನಾಯು ಕರಗುತ್ತದಂತೆ. ಕಾಲು ಸೋತಷ್ಟೂ ಸಣ್ಣ ನಡಿಗೆಯೂ ಎದೆಗೆ ಭಾರವಾಗುತ್ತದಂತೆ. ಡಾಕ್ಟರಿಗೆ ಫೋನು ಮಾಡಿ, ನಾವು ಬಿಟ್ಟುಬಂದಿದ್ದ ಅರ್ಧ ಮಾತನ್ನು ತಂದಳು. ಆದರೆ ವಾಕಿಂಗ್ ಎಂದದ್ದೇ ಅಣ್ಣ ಗೋಡೆಯ ಕಡೆ ತಿರುಗಿದ. "ಬೂಟಾಕ್ಕೊಂಡು ಬೀದಿ ಸುತ್ತಾಕೆ ನಾನೇನ್ ತಾಸೀಲ್ದಾರ್ನಾ?"

ಅವಳು ವಾದಿಸಲಿಲ್ಲ. ಮಾರನೆಯ ದಿನ ಬಂದಿದ್ದ ನೆಂಟರೊಬ್ಬರು ಹೊರಟು ನಿಂತಾಗ, ಅವರಿಗೆ ಕೇಳದ ಹಾಗೆ, "ದೊಡ್ಡಪ್ಪ, ಅಷ್ಟು ದೂರದಿಂದ ಬಂದವ್ರೆ. ಒಳಗಿಂದಾನೇ ಕಳಿಸ್ಬುಡ್ತೀಯಾ?" ಎಂದಳು.

"ನಾನು ಉಷಾರಿಲ್ದೋನು ಕಣವ್ವ."

"ಬಾಗಿಲಗಂಟ ಬಂದ್ರೆ ಸಾಕು. ಏನಂದ್ಕಂಡಾರು ಅವ್ರು?"

ಈ ಬಾಣಕ್ಕೆ ನಮ್ಮ ಮನೆತನದಲ್ಲಿ ಗುರಾಣಿಯಿಲ್ಲ. ಬಂದವರನ್ನು ದಾರಿಯವರೆಗೆ ಕಳಿಸಿ ಬರುವುದು, ಅವರು ನೋಡಲು ಬರುವುದಕ್ಕಿಂತ ದೊಡ್ಡ ಮರ್ಯಾದೆ. ಅಣ್ಣ ಎದ್ದ. ಆ ದಿನ ಬಾಗಿಲು. ಮತ್ತೊಬ್ಬರಿಗೆ ಹೊಂಗೆಮರ. ಇನ್ನೊಬ್ಬರಿಗೆ ಹಾಲಿನ ಡೇರಿ. ಮಗಳು ಪಕ್ಕದಲ್ಲೇ ನಡೆಯುತ್ತಿದ್ದಳು, ನಾನು ಹಿಂದೆ, ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು. ಮೆರವಣಿಗೆ ನೋಡಿ ಡೇರಿಯವನು, "ಏನ್ ಮೇಷ್ಟ್ರೇ, ಸಿಂಹಾಸ್ನ ಎಲ್ಲಿಗೆ?" ಎಂದ. ನಾನು ಕುರ್ಚಿ ಬಿಡಲಿಲ್ಲ.

ಅವಳು ಕಲಿಸಿದ ನಿಯಮ ಒಂದೇ: ನಡೆಯುತ್ತ ಮಾತಾಡಲು ಆಗಬೇಕು. ಮಾತು ತುಂಡಾದರೆ ನಿಲ್ಲಬೇಕು; ಎದೆ ನೋವು ಬಂದರೆ ಕೂತು ಕೂಗಬೇಕು. ಯಾವ ಯಂತ್ರವೂ ಬೇಡ. ಇದು ಅವಳ ಪುಸ್ತಕದಲ್ಲಿರುವುದೇ ಎಂದು ಕೇಳಿದೆ; ಇದೆಯಂತೆ. ಬಾಗಿಲಲ್ಲಿ ಹೊರಟು ನಿಂತು, ದಾರಿಯಲ್ಲಿ ನಿಂತು, ಬಸ್ಸಿನ ಮೆಟ್ಟಿಲ ಮೇಲೂ ನಿಂತು ಮಾತಾಡುವ ನಮ್ಮ ಜನರನ್ನು ಆ ಪುಸ್ತಕ ಬರೆದವರು ನೋಡಿರಲಾರರು. ನೋಡಿದ್ದರೆ ಬಹಳ ಸಂತೋಷಪಡುತ್ತಿದ್ದರು.

ರಜೆ ಮುಗಿದು ಮಗಳು ಕಾಲೇಜಿಗೆ, ನಾನು ನಾಗಮಂಗಲಕ್ಕೆ ವಾಪಸು ಹೋದೆವು. ನೋಡಲು ಬರುವವರೂ ಮುಗಿದರು; ಗುಣವಾದವನಿಗೆ ಯಾರು ಮೂಸಂಬಿ ತರುತ್ತಾರೆ? ಹೋದ ಶನಿವಾರ ನಾನು ಊರಿಗೆ ಹೋದಾಗ ಅಣ್ಣ ಮತ್ತೆ ಹಾಸಿಗೆಯಲ್ಲಿದ್ದ. ಅತ್ತಿಗೆ ಮೆಲ್ಲಗೆ ಹೇಳಿದರು, ಮೂರು ದಿನದಿಂದ ಹೀಗೆ ಎಂದು. ರಾತ್ರಿ ಉಳಿಯಲೆಂದು ಬಂದಿದ್ದ ನಾನು ಕಾಫಿ ಕುಡಿದು ಎದ್ದೆ. "ನಾನು ಹೊರಟೆ ಕಣಣ್ಣ."

"ಈಗ್ತಾನೇ ಬಂದ್ಯಲ್ಲೋ."

"ಓಗ್ಬೇಕು. ಕಳಿಸ್ತೀಯಾ, ಇಲ್ವಾ?"

ನನ್ನನ್ನು ಒಂದು ಗಳಿಗೆ ನೋಡಿ, ಚಪ್ಪಲಿ ಹುಡುಕಿದ. ದಾರಿಯುದ್ದಕ್ಕೂ ಬೈದ. ಹೊಂಗೆಮರದವರೆಗೆ ನನ್ನ ನೌಕರಿಯನ್ನು, ಡೇರಿಯವರೆಗೆ ನನ್ನ ಹೊಟ್ಟೆಯನ್ನು. ನಾನು ಅಷ್ಟು ಶ್ರದ್ಧೆಯಿಂದ ಯಾರ ಬೈಗುಳವನ್ನೂ ಕೇಳಿಲ್ಲ. ಒಂದೊಂದು ವಾಕ್ಯವೂ ಕೊನೆ ಮುಟ್ಟುತ್ತದೆಯೇ ಎಂದು ಕಾಯುತ್ತಿದ್ದೆ. ಡೇರಿ ದಾಟಿದ ಮೇಲೆ ಅವನು ಸುಮ್ಮನಾದ. ನನ್ನ ಕಾಲು ಅಲ್ಲೇ ನಿಂತಿತು.

"ಯಾಕ್ಲಾ ನಿಂತ್ಕಂಡೆ?" ಎಂದ ಅಣ್ಣ, ನನ್ನ ಮುಖ ನೋಡಿ. "ನಿಂಗೆ ಉಸ್ರು ಕಟ್ತದಾ? ವಸಿ ಕೂತ್ಕೊ."

ಕೂರಲಿಲ್ಲ; ಇಬ್ಬರೂ ಸ್ಟಾಪು ಮುಟ್ಟುವಷ್ಟರಲ್ಲಿ ಬಸ್ಸು ಬಂತು. ಅಷ್ಟು ದೂರ ಬಂದು ಕಳಿಸುತ್ತಿರುವವನ ಮುಂದೆ ಹತ್ತದಿರುವುದು ಹೇಗೆ? ಬ್ಯಾಗನ್ನು ಅವನ ಮನೆಯಲ್ಲೇ ಬಿಟ್ಟು, ಆ ರಾತ್ರಿ ಯಾವ ಕೆಲಸವೂ ಇಲ್ಲದ ನಾಗಮಂಗಲಕ್ಕೆ ಟಿಕೆಟ್ ತೆಗೆಸಿದೆ. ಕಿಟಕಿಯಿಂದ ತಿರುಗಿ ನೋಡಿದೆ. ಅಣ್ಣ ಒಬ್ಬನೇ ಮನೆಯ ಕಡೆ ಹೊರಟಿದ್ದ. ಪಕ್ಕದಲ್ಲಿ ಯಾರೂ ಇರಲಿಲ್ಲ. ಆದರೂ ಬಾಯಿ ಆಡುತ್ತಿತ್ತು, ನನ್ನನ್ನೇ ಇನ್ನೂ ಬೈಯುತ್ತಿದ್ದನೋ ಏನೋ. ಮಾತು ಕೇಳಿಸಲಿಲ್ಲ. ತಿರುವಿನಲ್ಲಿ ಮರೆಯಾಗುವವರೆಗೂ ನಾನು ಆ ಬಾಯನ್ನೇ ನೋಡುತ್ತಿದ್ದೆ.

ಪಕ್ಕದ ಸೀಟಿನಲ್ಲಿದ್ದ ಪರಿಚಯದವರೊಬ್ಬರು, "ಮಗ್ಳು ಏನ್ ಓದ್ತಾವ್ಳೆ ಮೇಷ್ಟ್ರೇ?" ಎಂದು ಕೇಳಿದರು. ಈ ಸಲ ಕೆಮ್ಮದೆ ಹೇಳಿದೆ.