ಮಗ್ಗದ ಕಾಟಪ್ಪನೂ ಸೊಕ್ಕಿನ ನಟನೂ

ಚಿತ್ರನಟ ಮಕರಂದರಾವ್ ಸೊಕ್ಕಿನ ಮನುಷ್ಯ ಎಂಬುದಕ್ಕೆ ನನ್ನಲ್ಲಿ ಬಲವಾದ ಸಾಕ್ಷಿಯಿತ್ತು: ನಾನು ಬರೆದ ಮೂರು ಕಾಗದಗಳಿಗೂ ಅವರು ಉತ್ತರ ಕೊಟ್ಟಿರಲಿಲ್ಲ. ಅವರ ಹಾಗೆಯೇ ಬೈತಲೆ ತೆಗೆದು, ಅವರ ಹಾಗೆಯೇ ಎಡಹುಬ್ಬು ಏರಿಸಿಕೊಂಡು ದಾವಣಗೆರೆಯ ಬಟ್ಟೆ ಗಿರಣಿಯೊಂದರಲ್ಲಿ ಹಾಜರಿ ಬರೆಯುತ್ತಿದ್ದ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದ್ದೀತು? ಗಿರಣಿಯವರೆಲ್ಲ ನನ್ನ ತೀರ್ಪನ್ನು ಒಪ್ಪಿದ್ದರು. ಒಪ್ಪದವನು ಕಾಟಪ್ಪ ಒಬ್ಬನೇ.

ಕಾಟಪ್ಪ ಹದಿನಾರಕ್ಕೆ ನಂದಿಗುಡಿಯಿಂದ ಬಂದು ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತವನು. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಸಿಡಿಲು ಬಿದ್ದರೂ ಕೇಳಿಸದು. ಅಲ್ಲಿ ದನಿ ತೆಗೆಯದೆ ತುಟಿ ಆಡಿಸಿ, ಕೈಸನ್ನೆ ಮಾಡಿ ಮಾತಾಡುತ್ತಾರೆ. ಹಿಂದಿನಿಂದ ಕರೆದಾಗ ಒಬ್ಬ ತಿರುಗದಿದ್ದರೆ ಯಾರೂ ಸಿಟ್ಟಾಗುವುದಿಲ್ಲ. ಸುತ್ತುಹಾಕಿ ಎದುರಿಗೆ ಹೋಗಿ ಬಾಯಿ ತೋರಿಸುತ್ತಾರೆ. ಕಾಟಪ್ಪ ಈ ರೂಢಿಯನ್ನು ಶೆಡ್ಡಿನ ಹೊರಗೂ ನಡೆಸುತ್ತಿದ್ದ. ಬಸ್ಸಿನ ಕಂಡಕ್ಟರಾಗಲಿ, ಮಾತು ಬಿಟ್ಟ ಭಾಮೈದನಾಗಲಿ, ಮುಖ ತಿರುಗಿಸಿದರೆ ಆ ದಿಕ್ಕಿಗೇ ಹೋಗಿ ನಿಲ್ಲುವನು. ಭಾಮೈದ ನಾಲ್ಕು ದಿಕ್ಕೂ ತಿರುಗಿ ಸುಸ್ತಾಗಿ ಕೊನೆಗೆ ನಕ್ಕುಬಿಟ್ಟನಂತೆ.

"ಸೊಕ್ಕು ಅಂಬೋದು ಇಲ್ಲ ಬಿಡ್ರಿ," ಎನ್ನುವನು ಕಾಟಪ್ಪ. "ಮಾತು ಮುಟ್ಟಿರಲ್ಲ, ಅಷ್ಟೆ."

ಮಕರಂದರಾಯರ ವಿಷಯದಲ್ಲಿ ಹಾಗೆ ನಂಬುವುದಕ್ಕೆ ಅವನಿಗೆ ಬೇರೆ ಕಾರಣವೂ ಇತ್ತು. ಅವನ ಅಕ್ಕ ಓಬಕ್ಕ ಹರಿಹರದಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುವವಳು. ಹದಿನೈದು ವರ್ಷದ ಹಿಂದೆ ಆ ಊರಿನಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯೊಂದು, ಸಿಡುಬು ಎದ್ದ ನಟನೊಬ್ಬನನ್ನು ಬಿಟ್ಟು ಹೊರಟುಹೋಗಿತ್ತು. ಓಬಕ್ಕ ಹನ್ನೊಂದು ದಿನ ಅವನಿಗೆ ಗಂಜಿ ಕುಡಿಸಿದಳು. ಆತನೇ ಈಗಿನ ಮಕರಂದರಾವ್ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಹೋದ ವರ್ಷ ಅವರ ಕಾರು ಅವಳ ಓಣಿಯ ಬಾಯಲ್ಲಿ ಗಳಿಗೆ ನಿಂತಾಗ, ಅಲ್ಲಿನ ಬೀದಿನಲ್ಲಿಗೆ ನೀರಿಗೆ ಬಂದಿದ್ದ ಹೆಂಗಸರೆಲ್ಲರ ಎದುರು ಕಿಟಕಿಯ ಬಳಿ ಹೋಗಿ ಕರೆದಳು. ಅವರು ತಿರುಗಲಿಲ್ಲ, ಕಾರು ಹೊರಟಿತು. ಅಂದಿನಿಂದ ನೆರೆಮನೆಯ ದುರುಗವ್ವ, ಇವತ್ತು ಯಾವ ಮಹಾರಾಜನಿಗೆ ಗಂಜಿ ಕಾಸಿದೆ ಎಂದು ದಿನವೂ ಕೇಳತೊಡಗಿದಳು. ಓಬಕ್ಕ ನಲ್ಲಿಯನ್ನೇ ಬಿಟ್ಟು ಹೊಳೆಯಿಂದ ನೀರು ಹೊರುತ್ತಿದ್ದಳು. ಅಕ್ಕ ಸುಳ್ಳುಗಾತಿಯಲ್ಲ ಎಂದು ಆ ನಲ್ಲಿಯ ಮುಂದೆ ತೀರ್ಮಾನವಾಗಬೇಕು. ಕಾಟಪ್ಪನಿಗೆ ಬೇಕಾದದ್ದು ಅಷ್ಟೇ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಮಕರಂದರಾಯರ ಶೂಟಿಂಗು ಹರಿಹರದ ಹೊಳೆದಂಡೆಗೇ ಬಂತು. ಗಿರಣಿಯ ರಜೆಯ ದಿನ ನಾವಿಬ್ಬರೂ ಬಸ್ಸು ಹತ್ತಿದೆವು.

ಅವರು ಛತ್ರಿಯ ಕೆಳಗೆ ಕುರ್ಚಿಯಲ್ಲಿ ಕೂತಿದ್ದರು. ಜನ ಹಗ್ಗದಾಚೆಯಿಂದ ಕೂಗುತ್ತಿದ್ದರೂ ಕತ್ತೆತ್ತಲಿಲ್ಲ. ನೋಡು, ನಾನು ಹೇಳಿರಲಿಲ್ಲವೇ ಎಂದೆ. ಅಷ್ಟರಲ್ಲಿ ಕಾಟಪ್ಪ ಹಗ್ಗ ನುಸುಳಿ, ಸುತ್ತುಹಾಕಿ, ಅವರ ಎದುರಿಗೆ ನಿಂತಾಗಿತ್ತು.

ಬಾಯಿ ತೆರೆದ, ದನಿ ಬರಲಿಲ್ಲ. ಗಾಬರಿಯಲ್ಲಿ ಶೆಡ್ಡಿನ ಮಾತಿಗೆ ಇಳಿದಿದ್ದ. ತುಟಿ ಆಡಿಸಿದ, ಬೊಗಸೆಯನ್ನು ಬಾಯಿಗೆ ಹಿಡಿದು ಗಂಜಿ ಎಂದ, ಬೆರಳ ತುದಿಗಳಿಂದ ಕೆನ್ನೆಯ ಮೇಲೆಲ್ಲ ಚುಕ್ಕೆಯಿಟ್ಟು ಸಿಡುಬು ಎಂದ. ಬಣ್ಣದಡಿ ಕಲೆ ಮುಚ್ಚಿಕೊಂಡ ಮುಖದ ಎದುರು, ಅಷ್ಟು ಜನರ ಮುಂದೆ! ಗುಂಪು ನಕ್ಕಿತು. ಮಕರಂದರಾಯರ ಕಿವಿ ಕೆಂಪೇರಿತು. ಆಳೊಬ್ಬ ಬಂದು ಕಾಟಪ್ಪನ ರಟ್ಟೆ ಹಿಡಿದ. ಆ ಸನ್ನೆಯ ಅರ್ಥ ಗೊತ್ತಿದ್ದ ಒಬ್ಬನೇ ಒಬ್ಬ ನಾನು. ಆ ಹೊತ್ತಿನಲ್ಲಿ ದಪ್ಪನೆಯ ಒಬ್ಬರ ಬೆನ್ನ ಹಿಂದೆ ಅಡಗಿ ಬೈತಲೆ ಕೆಡಿಸಿಕೊಳ್ಳುತ್ತಿದ್ದೆ.

ಕೊನೆಗೆ ಕಾಟಪ್ಪನ ದನಿ ಹೊರಟಿತು. "ನಮ್ಮಕ್ಕ ಓಬಕ್ಕ. ಹೋದ ವರ್ಷ ಕಾರಿನ ತಾವ ಬಂದು ಕರೆದ್ಲು. ನಿಮಗೆ ಕೇಳ್ಸಲಿಲ್ಲ. ಅದ್ಕೇ ಎದುರಿಗೆ ಬಂದೀನಿ."

ಆಳಿಗೆ ಕೈ ಬಿಡುವಂತೆ ಅವರು ಸನ್ನೆ ಮಾಡಿದರು.

"ಕೇಳಿಸಿತ್ತು," ಎಂದರು. "ನನ್ನ ಹಳೇ ಹೆಸರು ಹಿಡಿದು ಕರೆದಳು. ಕಾರಿನಲ್ಲಿ ದೊಡ್ಡವರಿದ್ದರು. ತಿರುಗಿದ್ದರೆ ಆ ಹನ್ನೊಂದು ದಿನದ್ದೆಲ್ಲ ಹೇಳಬೇಕಾಗುತ್ತಿತ್ತು. ಡ್ರೈವರಿಗೆ ಹೊರಡು ಅಂದೆ."

"ಈಗ ಬರ್ರಿ. ಎರಡು ಫರ್ಲಾಂಗು."

"ಇಲ್ಲ. ಆಕೆ ಮುಂದೆ ನಿಲ್ಲೋದು ನನ್ನಿಂದ ಆಗಲ್ಲ."

ಯಾರೋ ಕರೆದರು, ಎದ್ದು ಹೋದರು.

ಓಬಕ್ಕನ ಓಣಿಯ ದಾರಿಯಲ್ಲಿ ನಾನು ಬುದ್ಧಿವಂತನಾದೆ. ಅವರಿಗೆ ಕೇಳಿಸಿರಲಿಲ್ಲ ಎಂದು ಹೇಳಿಬಿಡು, ಅಕ್ಕನ ಮನಸ್ಸಾದರೂ ತಣ್ಣಗಾಗುತ್ತದೆ ಎಂದೆ. ಕಾಟಪ್ಪ ಒಲ್ಲೆನೆಂದು ತಲೆಯಾಡಿಸಿದ.

"ಕೇಳ್ಸೇ ಇಲ್ಲ ಅಂದ್ಮೇಲೆ ಗುರುತೈತೆ ಅಂದ್ರೆ ಯಾರು ನಂಬ್ತಾರೆ? ಆಕಿ ಸುಳ್ಳುಗಾತಿ ಆಗೇ ಉಳೀತಾಳೆ."

ನಾನು ಸೊಕ್ಕು ಎಂದಿದ್ದೆ, ಅವನು ಮಾತು ಮುಟ್ಟಿಲ್ಲ ಎಂದಿದ್ದ, ಇಬ್ಬರದೂ ತಪ್ಪಾಗಿತ್ತು. ನನ್ನದು ತಪ್ಪಾದರೆ ಹೋಗುವುದೇನೂ ಇರಲಿಲ್ಲ. ಅವನು ಇಪ್ಪತ್ತೆರಡು ವರ್ಷ ಅದನ್ನೇ ನಂಬಿ ಬದುಕಿದ್ದ.

ಮಗ್ಗದವರ ದನಿ ದೊಡ್ಡದು. ಮಕರಂದರಾಯರು ಒಪ್ಪಿಕೊಂಡದ್ದನ್ನೆಲ್ಲ ಅವನು ನಲ್ಲಿಯ ಬಳಿ ನಿಂತು ಹೇಳಿದ್ದು ಓಣಿಗೆಲ್ಲ ಕೇಳಿಸಿತು. ಓಬಕ್ಕ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದಳು.

"ಕೇಳ್ಸಿತ್ತಂತಾ?"

"ಹೂಂ. ನಿನ್ನ ಗುರುತೂ ಐತಂತೆ."

ಆಕೆ ಬಾಗಿಲಿಗೆ ಒರಗಿದಳು. ದುರುಗವ್ವನೇ ಮೊದಲು ಮಾತಾಡಿದ್ದು. "ಕೇಳ್ಸಿನೂ ಹೋದ್ನಾ? ಎಂಥ ಸೊಕ್ಕಿರಬೇಕೆ ಅವ್ನಿಗೆ."

"ಸೊಕ್ಕಿದ್ದೋರು ತಪ್ಪು ಒಪ್ಕೋತಾರೇನೆ?" ಎಂದಳು ಓಬಕ್ಕ. "ನೀನು ಒಂದು ವರ್ಷದಿಂದ ಅಂದ್ಯಲ್ಲ, ಒಪ್ಕೊಂಡ್ಯಾ?"

ದುರುಗವ್ವ ಬಗ್ಗಿ, ಅರೆ ತುಂಬಿದ ತನ್ನ ಕೊಡವನ್ನು ನಲ್ಲಿಯಡಿಯಿಂದ ಪಕ್ಕಕ್ಕೆ ಸರಿಸಿದಳು. ನೀರು ಕಲ್ಲಿನ ಮೇಲೆ ಸುರಿಯುತ್ತಲೇ ಇತ್ತು. ಓಬಕ್ಕ ಕೊಡ ತರುತ್ತೇನೆಂದು ಒಳಗೆ ಹೋದವಳು ಹೊರಗೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.